ತುಂಬೆಯಲ್ಲಿ ಎಷ್ಟುಂಟು? ನೇತ್ರಾವತಿ ದಂಡೆಯಲ್ಲಿ ಮೂರು ದಿನ

ಏಪ್ರಿಲ್ ಬಂದರೆ ನನ್ನ ಮಾವನಿಗೆ ಕ್ರಿಕೆಟ್ ಸ್ಕೋರೂ ಬೇಡ, ರಾಜಕೀಯವೂ ಬೇಡ. ಬೆಳಿಗ್ಗೆ ಪೇಪರ್ ಬಿಚ್ಚಿದ ಕೂಡಲೇ ಹುಡುಕುವುದು ಒಂದೇ ಒಂದು ಅಂಕಿ. "ತುಂಬೆಯಲ್ಲಿ ಎಷ್ಟುಂಟು?" ಅತ್ತೆ ಅಡುಗೆಮನೆಯಿಂದಲೇ "ನಿನ್ನೆಗಿಂತ ಎಷ್ಟು ಕಮ್ಮಿ?" ಅಂತ ಕೂಗುತ್ತಾರೆ. ಮಂಗಳೂರಿಗೆ ಕುಡಿಯುವ ನೀರು ಕೊಡುವ, ನೇತ್ರಾವತಿಯ ತುಂಬೆ ಅಣೆಕಟ್ಟಿನಲ್ಲಿ ನೀರು ಎಷ್ಟು ನಿಂತಿದೆ ಅನ್ನುವ ಮೀಟರ್ ಲೆಕ್ಕ ಅದು. ಆರರಿಂದ ಶುರುವಾಗಿ ಮೇ ಹೊತ್ತಿಗೆ ನಾಲ್ಕು, ಮೂರು ಅಂತ ಇಳಿಯುತ್ತಾ ಹೋದರೆ ಮನೆಯಲ್ಲಿ ಬಕೆಟ್‌ಗಳ ಸಂಖ್ಯೆ ಏರುತ್ತಾ ಹೋಗುತ್ತದೆ.

ನಾನು ಕೋಲಾರದ ಕಡೆಯವನು, ಮಂಗಳೂರಿನ ಅಳಿಯ. ಮದುವೆಯಾಗಿ ಎಂಟು ವರ್ಷದಿಂದ ಈ ಪ್ರಶ್ನೆ ಕೇಳಿಸಿಕೊಂಡಿದ್ದೇನೆ, ಆದರೆ ತುಂಬೆಯನ್ನು ನೋಡಿರಲಿಲ್ಲ. ಬೆಂಗಳೂರಿನ ರಾತ್ರಿ ಬಸ್ಸು ತುಂಬೆ ದಾಟುವುದು ಬೆಳಗಿನ ಜಾವ, ಆಗ ನಾನು ಬಾಯಿ ತೆರೆದು ನಿದ್ದೆ ಮಾಡುತ್ತಿರುತ್ತೇನೆ. ನಮ್ಮ ಕಡೆ ನೀರು ಅಂದರೆ ಬೋರ್‌ವೆಲ್, ಅದೂ ಸಾವಿರ ಅಡಿ ದಾಟಿದ್ದು. ಮಳೆ ವರ್ಷಕ್ಕೆ ಏಳುನೂರು ಮಿಲಿಮೀಟರ್ ಆಸುಪಾಸು. ಇವರಿಗೆ ಮೂರೂವರೆ ಸಾವಿರ ದಾಟುತ್ತದೆ. ಅಷ್ಟು ಮಳೆ ಹೊಯ್ಯುವ ಊರಿನವರು ಬೇಸಿಗೆಯಲ್ಲಿ ನೀರಿನ ಲೆಕ್ಕ ಹಾಕುವುದು ನೋಡಿ ಮೊದಮೊದಲು ನಗು ಬರುತ್ತಿತ್ತು. 2019ರ ಮೇ ತಿಂಗಳಲ್ಲಿ ಇಲ್ಲೇ ಇದ್ದೆ, ನಗರಕ್ಕೆ ಸರದಿ ಪ್ರಕಾರ ನೀರು ಬಿಡುತ್ತಿದ್ದರು, ಆಗ ನಗು ನಿಂತಿತು.

ಈ ಸಲ ರಜೆ ಮೂರು ದಿನ ಜಾಸ್ತಿ ಸಿಕ್ಕಿತು. ಬಾಮೈದನೂ ಖಾಲಿ ಇದ್ದ. ಮಾವನ ಹಳೇ ಸ್ಕೂಟರ್ ಇತ್ತು. ಸಮುದ್ರದಿಂದ ಶುರು ಮಾಡಿ ನದಿಯ ಮೇಲ್ಮುಖವಾಗಿ ಎಲ್ಲಿವರೆಗೆ ಆಗುತ್ತೋ ಅಲ್ಲಿವರೆಗೆ ಹೋಗೋಣ, ಪ್ರತಿ ರಾತ್ರಿ ಮನೆಗೆ ವಾಪಸ್, ಇಷ್ಟೇ ಪ್ಲಾನ್. "ಈ ಸೆಕೆಯಲ್ಲಿ ಡ್ಯಾಂ ನೋಡ್ಲಿಕ್ಕೆ ಹೋಗುವ ಮರ್ಲು ನಿಮಗೆ ಮಾತ್ರ ಭಾವ" ಅಂದ ಬಾಮೈದ. ಮರ್ಲು ಅಂದರೆ ತುಳುವಿನಲ್ಲಿ ಹುಚ್ಚು. ಎಂಟು ವರ್ಷದಲ್ಲಿ ನಾನು ಗಟ್ಟಿಯಾಗಿ ಕಲಿತ ತುಳು ಪದಗಳಲ್ಲಿ ಅದೂ ಒಂದು. ಯಾಕೆ ಅಂತ ಕೇಳಬೇಡಿ.

ಮೊದಲ ದಿನ: ಉಪ್ಪು ನೀರಿನ ಕಡೆಯಿಂದ

ಬಂದರಿನಿಂದ ಬೆಂಗ್ರೆಗೆ ದೋಣಿ ಹತ್ತಿದೆವು. ಮೀನು ಬುಟ್ಟಿ ಹೊತ್ತ ಹೆಂಗಸರು, ಶಾಲೆ ಬ್ಯಾಗಿನ ಇಬ್ಬರು ಹುಡುಗರು, ನಾವು. ದಾಟಲು ಹೆಚ್ಚು ಹೊತ್ತು ಬೇಡ. ಆಚೆ ಇಳಿದರೆ ಬೆಂಗ್ರೆ, ಉದ್ದಕ್ಕೆ ಮಲಗಿದ ಮರಳಿನ ನಾಲಿಗೆ. ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಹೊಳೆ. ಅದೇ ಮರಳಿನ ಪಟ್ಟಿಯಲ್ಲಿ ಉತ್ತರಕ್ಕೆ ಹೋದರೆ ಬೀಚ್ ಇರುವ ಊರು ಸಿಗುತ್ತದೆ, ಹೆಸರು ತಣ್ಣೀರುಬಾವಿ. ಸುತ್ತ ಉಪ್ಪು ನೀರು ಇರುವ ಜಾಗಕ್ಕೆ ಆ ಹೆಸರಿಟ್ಟವರು ಎಷ್ಟು ಬಾಯಾರಿ ಬಂದಿದ್ದರೋ.

ನಾವು ದಕ್ಷಿಣದ ತುದಿಗೆ, ಅಳಿವೆ ಬಾಗಿಲಿನ ಕಡೆ ನಡೆದೆವು. ಉತ್ತರದಿಂದ ಗುರುಪುರ ನದಿ, ಪೂರ್ವದಿಂದ ನೇತ್ರಾವತಿ, ಎರಡೂ ಸೇರಿ ಸಮುದ್ರಕ್ಕೆ ಹೋಗುವ ಜಾಗ ಅದು. ಹತ್ತು ಗಂಟೆಗೇ ಮರಳು ಕಾದು ಚಪ್ಪಲಿಯ ಅಂಚಿನಿಂದ ಸುಡುತ್ತಿತ್ತು. ಹೋಗುವವರು ಎಂಟರೊಳಗೆ ಹೋಗಿ ಬರುವುದು ಒಳ್ಳೆಯದು, ನಾವು ಸಜ್ಜಿಗೆ ಬಜಿಲ್ ತಿನ್ನುತ್ತಾ ಕೂತು ತಡ ಮಾಡಿದ್ದೆವು. ಉಪ್ಪಿಟ್ಟಿನ ಮೇಲೆ ಖಾರದ ಅವಲಕ್ಕಿ ಹಾಕಿ ಕಲಸಿ ತಿನ್ನುವುದು, ನಮ್ಮೂರಲ್ಲಿ ಯಾರಿಗಾದರೂ ಹೇಳಿದರೆ ನಂಬುವುದಿಲ್ಲ, ಆದರೆ ಎರಡನೇ ಪ್ಲೇಟ್ ನಾನೇ ಕೇಳಿದ್ದು.

ತುದಿಯಲ್ಲಿ ಬಲೆ ಬಿಡಿಸುತ್ತಿದ್ದ ಒಬ್ಬರು ಹಿರಿಯರು ಸಿಕ್ಕಿದರು. ನೀರು ಒಳಗೆ ಹೋಗುತ್ತಿದೆಯಾ ಹೊರಗೆ ಬರುತ್ತಿದೆಯಾ ಅಂತ ಕೇಳಿದೆ. ನನಗೆ ನಿಜವಾಗಿ ಗೊತ್ತಾಗಲಿಲ್ಲ. ಅವರು ನನ್ನನ್ನೇ ನೋಡಿದರು. "ಈಗ ಸಮುದ್ರ ಒಳಗೆ ಹೋಗ್ತಾ ಉಂಟು. ಬೇಸಿಗೆಯಲ್ಲಿ ಹೊಳೆಗೆ ದೂಡುವ ಶಕ್ತಿ ಎಲ್ಲುಂಟು?" ಮಳೆಗಾಲದಲ್ಲಿ ಇದೇ ಜಾಗದಲ್ಲಿ ಕೆಂಪು ನೀರು ಸಮುದ್ರದ ಒಳಗೆ ಎಷ್ಟೋ ದೂರ ಕಾಣುತ್ತದಂತೆ. ಈಗ ಭರತ ಬಂದರೆ ಉಪ್ಪು ನೀರೇ ನದಿಯಲ್ಲಿ ಮೇಲೆ ಏರುತ್ತದೆ, ದಂಡೆಯ ಬಾವಿಗಳೂ ಉಪ್ಪಾಗುತ್ತವೆ.

ವಾಪಸ್ ದಾಟಿ ಹೊಯ್ಗೆ ಬಜಾರ್ ದಾರಿಯಲ್ಲಿ ಬಂದೆವು. ಹೊಯ್ಗೆ ಅಂದರೆ ಮರಳು. ಹೊಳೆ ಈ ಊರಿಗೆ ಮರಳು ಕೊಟ್ಟಿತು, ಹೆಂಚಿಗೆ ಮಣ್ಣನ್ನೂ ಕೊಟ್ಟಿತು. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ದಂಡೆಯ ಉದ್ದಕ್ಕೂ ಚಿಮಣಿಗಳು ಎದ್ದವು. ಕೋಲಾರದ ನಮ್ಮ ಅಜ್ಜಿ ಮನೆಯ ಮೇಲೆ ಇದ್ದದ್ದೂ ಮಂಗಳೂರು ಹೆಂಚೇ. ನೇತ್ರಾವತಿಯ ನೀರು ನಮಗೆ ಬಂದಿಲ್ಲ, ಆ ಕರಾವಳಿ ಮಣ್ಣು ಮಾತ್ರ ಎಂದೋ ಬಂದಿತ್ತು.

ಮಧ್ಯಾಹ್ನ ಊಟ ಒಂದು ಸಣ್ಣ ಹೋಟೆಲಿನಲ್ಲಿ. ಕುಚ್ಚಲಕ್ಕಿ ಅನ್ನ, ಬೂತಾಯಿ ಮೀನಿನ ಪುಳಿಮುಂಚಿ, ಅಂದರೆ ಹುಳಿ ಖಾರದ ಸಾರು. ಬೂತಾಯಿಯಲ್ಲಿ ಮುಳ್ಳು ಎಷ್ಟು ಅಂದರೆ ನಾನು ತಿನ್ನುವುದಕ್ಕಿಂತ ಹುಡುಕುವುದೇ ಜಾಸ್ತಿ. ಪಕ್ಕದ ಮೇಜಿನ ಆರು ವರ್ಷದ ಹುಡುಗಿ ನನ್ನ ತಟ್ಟೆ ನೋಡಿ ಅಮ್ಮನ ಕಿವಿಯಲ್ಲಿ ಏನೋ ಹೇಳಿ ನಕ್ಕಳು.

ಬಿಸಿಲು ಇಳಿದ ಮೇಲೆ ಅಡ್ಯಾರ್. ಹೆದ್ದಾರಿಯಿಂದ ಬಲಕ್ಕೆ ಇಳಿದರೆ ನದಿಗೆ ಅಡ್ಡಲಾಗಿ ಹೊಸ ಕಿಂಡಿ ಅಣೆಕಟ್ಟು, ಅದರ ಮೇಲೆ ಸೇತುವೆ, ಆಚೆ ದಡ ಹರೇಕಳ. ಉಪ್ಪು ನೀರು ಮೇಲೆ ಹೋಗದಂತೆ ತಡೆಯುವುದು ಇದರ ಮುಖ್ಯ ಕೆಲಸ. ಮೊದಲು ಇಲ್ಲಿ ದೋಣಿಯಲ್ಲೇ ದಾಟುತ್ತಿದ್ದರು. ಈಗ ಸಂಜೆ ಹೊತ್ತಿಗೆ ಸೇತುವೆ ತುಂಬಾ ಜನ, ಗಾಳಿಗೆ ಬಂದವರು, ಗಾಳ ಹಾಕುವವರು, ಚರ್ಮುರಿ ಮಾರುವವನು. ನಡುವೆ ನಿಂತು ನೋಡಿದರೆ ಒಂದು ಕಡೆ ಉಪ್ಪು, ಇನ್ನೊಂದು ಕಡೆ ಸಿಹಿ. ನೋಡಲು ಎರಡೂ ಒಂದೇ ತರ. ಕಿತ್ತಳೆ ಹಣ್ಣು ಮಾರಿ ಶಾಲೆ ಕಟ್ಟಿಸಿ ಪದ್ಮಶ್ರೀ ಪಡೆದ ಹಾಜಬ್ಬರ ಊರು ಇದೇ ಹರೇಕಳ. ಶಾಲೆ ನೋಡಬೇಕು ಅಂತ ಆಸೆಯಿತ್ತು, ಕತ್ತಲಾಗುತ್ತಿತ್ತು, ಸ್ಕೂಟರಿನ ಹೆಡ್‌ಲೈಟ್ ಮೇಲೆ ಮಾವನಿಗೇ ನಂಬಿಕೆ ಇಲ್ಲ. ಚರ್ಮುರಿ ತಿಂದು ವಾಪಸ್.

ಎರಡನೇ ದಿನ: ಆ ಅಂಕಿ ಇರುವ ಜಾಗ

ಬುದ್ಧಿ ಕಲಿತು ಬೆಳಿಗ್ಗೆ ಆರೂವರೆಗೆ ಹೊರಟೆವು. ಬಿಕರ್ನಕಟ್ಟೆಯ ಇಳಿಜಾರು, ಪಡೀಲ್, ಫರಂಗಿಪೇಟೆ, ಆಮೇಲೆ ತುಂಬೆ. ಮಂಗಳೂರಿನಿಂದ ಹದಿನೈದು ಕಿಲೋಮೀಟರ್ ಅಷ್ಟೇ. ಅಷ್ಟು ಹತ್ತಿರ ಇದ್ದದ್ದನ್ನು ನೋಡಲು ಎಂಟು ವರ್ಷ ಬೇಕಾಯಿತು. ಬಾಮೈದ ಹುಟ್ಟಿದ್ದೇ ಇಲ್ಲಿ, ಅವನೂ ನೋಡಿರಲಿಲ್ಲ ಅಂತ ದಾರಿಯಲ್ಲಿ ಒಪ್ಪಿಕೊಂಡ.

ಹೆದ್ದಾರಿಯಿಂದ ಕೆಳಗೆ ಇಳಿದು, ದಾರಿ ತಪ್ಪಿ ಯಾರದೋ ಅಂಗಳಕ್ಕೆ ಹೋಗಿ, ನಾಯಿಯಿಂದ ಬೈಸಿಕೊಂಡು, ಕೊನೆಗೆ ನದಿ ಕಾಣಿಸಿತು. ನಾನು ಮನಸ್ಸಿನಲ್ಲಿ ಕೆ.ಆರ್.ಎಸ್. ತರ ಏನೋ ಇಟ್ಟುಕೊಂಡಿದ್ದೆ. ಇದು ಹಾಗಲ್ಲ. ನದಿಗೆ ಅಡ್ಡಲಾಗಿ ಸಾಲಾಗಿ ನಿಂತ ಕಾಂಕ್ರೀಟ್ ಕಂಬಗಳು, ಕಂಬಗಳ ನಡುವೆ ಕಬ್ಬಿಣದ ಗೇಟುಗಳು. ಎತ್ತರಕ್ಕಿಂತ ಉದ್ದವೇ ಜಾಸ್ತಿ. ಗೇಟು ಎಷ್ಟಿವೆ ಅಂತ ಎಣಿಸಲು ಶುರು ಮಾಡಿ ಇಪ್ಪತ್ತರ ಹತ್ತಿರ ತಪ್ಪಿದೆ, ಮತ್ತೆ ಶುರು ಮಾಡಿದೆ, ಮತ್ತೆ ತಪ್ಪಿದೆ. ಮೇಲ್ಗಡೆ ಹಸಿರು ಬಣ್ಣದ, ಅಲೆಯೇ ಇಲ್ಲದ ನೀರು, ಕಣ್ಣು ಹೋದಷ್ಟು ದೂರ. ಕೆಳಗಡೆ ಕಪ್ಪು ಬಂಡೆಗಳು, ಅಲ್ಲಲ್ಲಿ ನಿಂತ ನೀರು, ಒಂದು ಕೊಕ್ಕರೆ.

ಮೇಲೆ ಹತ್ತಲು ಬಿಡಲಿಲ್ಲ. "ಹೋಗ್ಲಿಕ್ಕಿಲ್ಲ, ಇಲ್ಲಿಂದಲೇ ನೋಡಿ" ಅಂದರು ಅಲ್ಲಿದ್ದ ಕಾವಲಿನವರು. ನ್ಯಾಯವೇ, ಇಡೀ ಊರು ಕುಡಿಯುವ ನೀರು. ಆದರೆ ಮಾತಿಗೆ ಬೇಡ ಅನ್ನಲಿಲ್ಲ, ಬೆಳಗಿನ ಹೊತ್ತು ಅವರಿಗೂ ಬೇಜಾರಾಗಿತ್ತು ಅಂತ ಕಾಣುತ್ತದೆ. ಹಿಂದಿನ ಅಣೆಕಟ್ಟು 4 ಮೀಟರಿನದ್ದು. ಊರು ಬೆಳೆದು ಅದು ಸಾಲದಾದಾಗ ಈ 7 ಮೀಟರಿನದ್ದು ಬಂತು. ನಿಲ್ಲಿಸುವುದು ಮಾತ್ರ 6 ಮೀಟರ್‌ವರೆಗೆ. ಮಳೆಗಾಲ ಪೂರ್ತಿ ಗೇಟು ತೆಗೆದೇ ಇರುತ್ತದೆ, ನದಿ ತನ್ನ ಪಾಡಿಗೆ ತಾನು ಹೋಗುತ್ತದೆ. ಮಳೆ ನಿಂತು ಹರಿವು ಇಳಿದ ಮೇಲೆ ಹಾಕುತ್ತಾರೆ. ಆಮೇಲೆ ಬೇಸಿಗೆಯಲ್ಲಿ ಮೇಲಿನಿಂದ ಬರುವ ನೀರು ನಿಂತುಹೋಯಿತು ಅಂದರೆ, ಹಾಕಿಟ್ಟದ್ದರಲ್ಲೇ ಜೂನ್‌ವರೆಗೆ ಊರು ಬದುಕಬೇಕು.

ನಗರಕ್ಕೆ ಇಲ್ಲಿಂದ ದಿನಕ್ಕೆ ಹೋಗುವುದು ಸುಮಾರು 16 ಕೋಟಿ ಲೀಟರ್. ಉಳ್ಳಾಲ, ಮೂಲ್ಕಿಯ ಕಡೆಗೂ ಪಾಲು ಇದರಲ್ಲೇ. ಜಾಕ್‌ವೆಲ್, ಅಂದರೆ ಪಂಪ್ ಇರುವ ದೊಡ್ಡ ಬಾವಿಯಿಂದ ಎತ್ತಿ, ಆಲಂ ಹಾಕಿ ಕೆಸರು ಕೂರಿಸಿ, ಮರಳಿನಲ್ಲಿ ಸೋಸಿ, ಕ್ಲೋರಿನ್ ಬೆರೆಸಿ, ಪಂಪ್ ಮಾಡಿ ಮಂಗಳೂರಿನ ಗುಡ್ಡ ಹತ್ತಿಸಬೇಕು. ಮಂಗಳೂರು ಪೂರ್ತಿ ಗುಡ್ಡವೇ ತಾನೆ. ಅದಕ್ಕೇ ಇಲ್ಲಿ ಕರೆಂಟ್ ಕೈಕೊಟ್ಟರೆ ಅಲ್ಲಿ ಬಿಕರ್ನಕಟ್ಟೆಯಲ್ಲಿ ನನ್ನ ಅತ್ತೆಯ ನಲ್ಲಿ ಕೆಮ್ಮುತ್ತದೆ.

"ಮಟ್ಟ ಬರೆದಿರುವುದು ಎಲ್ಲಿ?" ಅಂತ ಕೇಳಿದೆ. ತೋರಿಸಿದರು. ನೀರಿನ ಅಂಚಿನಲ್ಲಿ ಬಣ್ಣ ಹೊಡೆದ ಅಳತೆ ಪಟ್ಟಿ. ಐದು ದಾಟಿತ್ತು, ಆರಕ್ಕೆ ಮುಟ್ಟಿರಲಿಲ್ಲ, ನನ್ನ ಕನ್ನಡಕಕ್ಕೆ ಕಂಡದ್ದು ಅಷ್ಟು. ಕಲ್ಲಿನ ಮೇಲೆ ಒದ್ದೆ ಗೆರೆಗಳು ಒಂದರ ಕೆಳಗೆ ಒಂದು, ದಿನಾ ಸ್ವಲ್ಪ ಸ್ವಲ್ಪ ಇಳಿದ ಗುರುತು. ಮಾವ ಓದುವ ಅಂಕಿ ಇದೇ. ಪೇಪರಿನಲ್ಲಿ ಒಂದು ಸಾಲು, ಇಲ್ಲಿ ಒಂದು ಪಾಚಿ ಗೆರೆ. ಫೋಟೋ ತೆಗೆಯಬೇಕು ಅಂತ ಕೈ ಜೇಬಿಗೆ ಹೋಯಿತು, ತೆಗೆಯಬೇಡಿ ಅಂದರು, ಬಿಟ್ಟೆ.

ಬಿ.ಸಿ. ರೋಡಿನಲ್ಲಿ ಬನ್ಸ್ ಮತ್ತು ಚಾ. ಬನ್ಸ್ ಅಂದರೆ ಬೇಕರಿಯ ಬನ್ ಅಲ್ಲ, ಬಾಳೆಹಣ್ಣು ಹಾಕಿ ಕಲಸಿ ಕರಿದದ್ದು, ಉಬ್ಬಿದ ಪೂರಿಯ ದಪ್ಪಗಿನ ತಮ್ಮ. ಅಲ್ಲಿಂದ ಸೇತುವೆ ದಾಟಿ ಮೆಲ್ಕಾರ್, ಬಲಕ್ಕೆ ತಿರುಗಿ ಸಜಿಪದ ಕಡೆ. ಡ್ಯಾಮಿನ ನೀರು ನಿಂತಿರುವ ಆಚೆ ದಡ ನೋಡಬೇಕಿತ್ತು.

ಇಲ್ಲೇ ಟೈರ್ ಪಂಕ್ಚರ್. ಹನ್ನೊಂದೂವರೆ ಗಂಟೆ, ಗಾಳಿ ಇಲ್ಲ, ಶರ್ಟು ಮೈಗೆ ಅಂಟಿ ಬೇರೆ ಚರ್ಮ ಆಗಿತ್ತು. ಸ್ಟೆಪ್ನಿ ಇತ್ತು, ಅದರಲ್ಲೂ ಗಾಳಿ ಇರಲಿಲ್ಲ. ಬಾಮೈದ ಅಪ್ಪನಿಗೆ ಫೋನ್ ಮಾಡಿ ಜಗಳಕ್ಕೆ ನಿಂತ, ನಾನು ತಳ್ಳುತ್ತಾ ಹೋದೆ. ಒಂದೂವರೆ ಕಿಲೋಮೀಟರ್ ಇರಬಹುದು, ನನ್ನ ಕಾಲಿಗೆ ಅದು ಧರ್ಮಸ್ಥಳದ ಪಾದಯಾತ್ರೆ. ಬೇಸಿಗೆಯಲ್ಲಿ ಈ ಕಡೆ ಬರುವವರು ಟೋಪಿ, ಎರಡು ಬಾಟಲಿ ನೀರು, ಗಾಳಿ ಇರುವ ಸ್ಟೆಪ್ನಿ ಈ ಮೂರನ್ನು ನೋಡಿಕೊಂಡು ಬನ್ನಿ. ಮೂರರಲ್ಲಿ ನಮ್ಮ ಹತ್ತಿರ ಇದ್ದದ್ದು ಟೋಪಿ, ಅದೂ ಒಂದೇ.

ರಸ್ತೆ ಬದಿ ಮನೆಯೊಂದರ ಎದುರು ಅಡಿಕೆ ಒಣ ಹಾಕಿದ್ದ ಅಂಗಳದಲ್ಲಿ ಯಜಮಾನರು ನಿಂತಿದ್ದರು. ಕೇಳದೆಯೇ "ಬನ್ನಿ, ಬೆವರು ಆರಿಸಿ" ಅಂತ ಕರೆದರು. ಒಂದು ಚೆಂಬು ನೀರು, ಒಂದು ತುಂಡು ಬೆಲ್ಲ. ಆಮೇಲೆ ಎರಡು ಬೊಂಡ ಕೆತ್ತಿ ಕೊಟ್ಟರು. ಬೊಂಡ ಅಂದರೆ ಎಳನೀರು, ಮೊದಲ ಸಲ ಮಾವನ ಮನೆಯಲ್ಲಿ "ಬೊಂಡ ಬೇಕಾ" ಅಂದಾಗ ನಾನು ಚಟ್ನಿ ಕೇಳಿದ್ದೆ. ಆ ಕಥೆ ಬಾಮೈದ ಇಲ್ಲೂ ಹೇಳಿದ, ಎಲ್ಲಾ ಕಡೆ ಹೇಳುತ್ತಾನೆ.

ಪಂಕ್ಚರ್ ಹಾಕುವವನು ಬರುವವರೆಗೆ ಯಜಮಾನರು ತೋಟಕ್ಕೆ ಕರೆದುಕೊಂಡು ಹೋದರು. ಇಳಿಯುತ್ತಾ ಹೋದರೆ ತೋಟ ಮುಗಿಯುವಲ್ಲಿ ನೀರು ಶುರು. ಕೊನೆಯ ಸಾಲಿನ ಕೆಲವು ಅಡಿಕೆ ಮರಗಳ ಬುಡ ನೀರಿನಲ್ಲೇ ಇತ್ತು, ಸೋಗೆ ಹಳದಿ. ಮೇಲಿನ ಬಾವಿ ತೋರಿಸಿದರು, ಏಪ್ರಿಲ್‌ನಲ್ಲೂ ಕೈಗೆ ಸಿಗುವಂತೆ ನೀರು. "ನೋಡಿ, ಬಾವಿ ತುಂಬಿದೆ, ಬುಡ ಕೊಳೆತಿದೆ. ಎರಡೂ ಅದೇ ಡ್ಯಾಮಿನಿಂದ" ಅಂದರು. ನೀರು ಒಂದು ಮೀಟರ್ ಜಾಸ್ತಿ ನಿಲ್ಲಿಸಿದರೆ ಊರಿಗೆ ಎಷ್ಟೋ ದಿನದ ನೀರು, ಇವರಿಗೆ ಒಂದು ಸಾಲು ಮರ. ಕೋಪದಲ್ಲಿ ಹೇಳಲಿಲ್ಲ, ಲೆಕ್ಕ ಒಪ್ಪಿಸುವ ತರ ಹೇಳಿದರು. ನನಗೆ ಏನು ಉತ್ತರ ಕೊಡಬೇಕು ಗೊತ್ತಾಗಲಿಲ್ಲ, ಬೊಂಡದ ಗಂಜಿ ಕೆರೆದು ತಿನ್ನುತ್ತಾ ನಿಂತೆ.

ಅವರ ಚಿಕ್ಕಂದಿನಲ್ಲಿ ಪ್ರತಿ ವರ್ಷ ಮಳೆ ನಿಂತ ಮೇಲೆ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, 'ಕಟ್ಟ' ಕಟ್ಟುತ್ತಿದ್ದರಂತೆ. ಕಲ್ಲು, ಮಣ್ಣು, ಸೊಪ್ಪು, ಅಡಿಕೆ ಮರದ ಸೀಳು. ತೋಡಿನ ಎರಡೂ ಬದಿಯ ಮನೆಯವರು ಸೇರಿ ಎರಡು ಮೂರು ದಿನ ಕೆಲಸ, ಮಧ್ಯಾಹ್ನ ಒಟ್ಟಿಗೆ ಗಂಜಿ. ಬೇಸಿಗೆ ಪೂರ್ತಿ ತೋಟಕ್ಕೆ ನೀರು. ಜೂನ್ ತಿಂಗಳ ಮೊದಲ ದೊಡ್ಡ ಮಳೆಗೆ ಕಟ್ಟ ಕೊಚ್ಚಿ ಹೋಗುತ್ತಿತ್ತು, ಯಾರೂ ಬೇಜಾರು ಮಾಡುತ್ತಿರಲಿಲ್ಲ, ಮುಂದಿನ ವರ್ಷ ಮತ್ತೆ. ತುಂಬೆ ಡ್ಯಾಂ ಅದೇ ಕಟ್ಟದ ದೊಡ್ಡಪ್ಪ ಅಂತ ನನಗೆ ಆಗ ಹೊಳೆಯಿತು. ಹಾಕುವುದು, ತೆಗೆಯುವುದು, ಮಳೆಗೆ ದಾರಿ ಬಿಡುವುದು, ಎಲ್ಲಾ ಅದೇ. ಒಟ್ಟಿಗೆ ಗಂಜಿ ಮಾತ್ರ ಇಲ್ಲ.

ಸಂಜೆ ಪಾಣೆಮಂಗಳೂರಿನ ಹಳೇ ಕಬ್ಬಿಣದ ಸೇತುವೆ. ನೂರು ವರ್ಷ ದಾಟಿದ ಸೇತುವೆ ಅದು, 1923ರ ದೊಡ್ಡ ನೆರೆ ಕಂಡಿದೆ, 1974ರದ್ದೂ ಕಂಡಿದೆ. ಬಂಟ್ವಾಳದಲ್ಲಿ ನದಿ ಎಂಟೂವರೆ ಮೀಟರ್ ದಾಟಿದರೆ ಅಪಾಯದ ಮಟ್ಟ. ಮೇ ತಿಂಗಳಲ್ಲಿ ನಗರಕ್ಕೆ ಸರದಿ ನೀರು ಬಿಟ್ಟ ಅದೇ 2019ರ ಆಗಸ್ಟ್‌ನಲ್ಲಿ ಬಂಟ್ವಾಳದ ಮನೆಗಳಿಗೆ ನದಿ ನುಗ್ಗಿತ್ತು. ನಡುವೆ ಮೂರೇ ತಿಂಗಳು. ಸೇತುವೆಯ ಕೆಳಗೆ ಹುಡುಗರು ಈಜುತ್ತಿದ್ದರು. ಬಾಮೈದ ನೀರಿಗೆ ಇಳಿದ, ಕೆಸರಿನಲ್ಲಿ ಒಂದು ಚಪ್ಪಲಿ ಬಿಟ್ಟು ಬಂದ. ಇನ್ನೊಂದು ಚಪ್ಪಲಿಯನ್ನು ಮನೆವರೆಗೂ ತಂದದ್ದು ಯಾಕೆ ಅಂತ ಅತ್ತೆ ಕೇಳಿದರು, ಅವನ ಹತ್ತಿರ ಉತ್ತರ ಇರಲಿಲ್ಲ.

ಮೂರನೇ ದಿನ: ಮೆಟ್ಟಿಲು ಹತ್ತುತ್ತಾ

ಮೆಲ್ಕಾರಿನಿಂದ ನರಿಕೊಂಬು ದಾರಿಯಲ್ಲಿ ಶಂಭೂರು. ಇಲ್ಲಿ ಕರೆಂಟ್ ಉತ್ಪಾದನೆಗೆ ಕಟ್ಟಿದ ಇನ್ನೊಂದು ಅಣೆಕಟ್ಟು, ಊರವರು ಎ.ಎಂ.ಆರ್. ಡ್ಯಾಂ ಅನ್ನುತ್ತಾರೆ. ತುಂಬೆಯಲ್ಲಿ ನೀರು ತೀರಾ ಇಳಿದ ವರ್ಷ ಇಲ್ಲಿಂದ ಕೆಳಗೆ ಬಿಡಿಸಿಕೊಳ್ಳುತ್ತಾರೆ. ಇನ್ನೂ ಮೇಲೆ ಸರಪಾಡಿಯಲ್ಲಿ ಎಂ.ಆರ್.ಪಿ.ಎಲ್. ತೈಲ ಶುದ್ಧೀಕರಣ ಕಾರ್ಖಾನೆಗೆ ನೀರು ಎತ್ತುವ ಅಣೆಕಟ್ಟು. ಅದರಿಂದ ಮೇಲೆ ಉಪ್ಪಿನಂಗಡಿ ಹತ್ತಿರ ಬಿಳಿಯೂರಿನಲ್ಲಿ ಮತ್ತೊಂದು. ಮೊನ್ನೆ ನೋಡಿದ ಹರೇಕಳದಿಂದ ಲೆಕ್ಕ ಹಾಕಿದೆ. ಬೇಸಿಗೆಯಲ್ಲಿ ನೇತ್ರಾವತಿ ಹರಿಯುವ ನದಿಯೇ ಅಲ್ಲ, ಒಂದರ ಮೇಲೆ ಒಂದು ಇಟ್ಟ ಕೆರೆಗಳು, ಮೆಟ್ಟಿಲು ತರ. ಒಂದೊಂದು ಮೆಟ್ಟಿಲಿಗೆ ಒಬ್ಬೊಬ್ಬ ಯಜಮಾನ. ಕೆರೆಗಳ ಸಾಲು ಅಂದರೆ ಕೋಲಾರದವನಿಗೆ ಹೊಸತಲ್ಲ, ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದ್ದಕ್ಕೆ ನೀರು, ನಮ್ಮ ಹಿರಿಯರ ಇಡೀ ಲೆಕ್ಕ ಅದೇ. ಅಲ್ಲಿಯದು ಕೆರೆ ಅಂತ ಎಲ್ಲರಿಗೂ ಗೊತ್ತು, ಇಲ್ಲಿಯದನ್ನು ಈಗಲೂ ನದಿ ಅನ್ನುತ್ತಾರೆ. ಇದನ್ನು ಬಾಮೈದನಿಗೆ ಹೇಳಿದೆ. "ಭಾವ, ಮೊದಲು ಕೆ.ಟಿ. ಕುಡಿಯುವ" ಅಂದ.

ಕಲ್ಲಡ್ಕದ ಕೆ.ಟಿ., ಅಂದರೆ ಕಲ್ಲಡ್ಕ ಟೀ. ಗ್ಲಾಸಿನಲ್ಲಿ ಕೆಳಗೆ ಬಿಳಿ ಹಾಲು, ಮೇಲೆ ಡಿಕಾಕ್ಷನ್, ಎರಡೂ ಬೆರೆಯದೆ ಗೆರೆ ಹೊಡೆದಂತೆ ನಿಂತಿರುತ್ತದೆ. ನಾನು ಅಭ್ಯಾಸಬಲದಿಂದ ಚಮಚ ಹಾಕಿ ಗರಗರ ಕಲಕಿದೆ. ಪಕ್ಕದಲ್ಲಿದ್ದವರು, ಎದುರಿನವರು, ಬಾಮೈದ, ಎಲ್ಲರೂ ಒಮ್ಮೆಲೇ ನೋಡಿದರು. "ಫೋಟೋ ತೆಗೀಲಿಕ್ಕಿತ್ತಲ್ಲ ಮಾರಾಯ್ರೆ!" ಇನ್ನೊಂದು ತರಿಸಿದೆವು. ಮೊನ್ನೆ ಹರೇಕಳ ಸೇತುವೆಯಲ್ಲಿ ಕಣ್ಣಿಗೆ ಕಾಣದ ಗೆರೆ ಇಲ್ಲಿ ಗ್ಲಾಸಿನಲ್ಲಿ ಸ್ಪಷ್ಟವಾಗಿ ಕಂಡಿತು.

ಹೆದ್ದಾರಿ ಕೆಲಸದ ಧೂಳು ತಿನ್ನುತ್ತಾ ಮಾಣಿ ದಾಟಿ ಉಪ್ಪಿನಂಗಡಿ ತಲುಪುವಾಗ ಮಧ್ಯಾಹ್ನ. ಕುದುರೆಮುಖದ ಕಡೆಯಿಂದ ನೇತ್ರಾವತಿ, ಸುಬ್ರಹ್ಮಣ್ಯದ ಕಡೆಯಿಂದ ಕುಮಾರಧಾರಾ, ಇಲ್ಲಿ ಸೇರುತ್ತವೆ. ಸಹಸ್ರಲಿಂಗೇಶ್ವರ ದೇವಸ್ಥಾನದ ಮೆಟ್ಟಿಲಿನಲ್ಲಿ ನೆರಳು ಹುಡುಕಿ ಕೂತೆವು. ಮಳೆಗಾಲದಲ್ಲಿ ಎರಡೂ ನದಿ ಉಕ್ಕಿ ದೇವಸ್ಥಾನದ ಎದುರಿಗೇ ಕೂಡಿದರೆ ಅದು ಸಂಗಮ, ಜನ ರಾತ್ರಿಯೆಲ್ಲಾ ಕಾದು ನಿಲ್ಲುತ್ತಾರಂತೆ. ನೆರೆಗೆ ಹೆದರುವ ಬದಲು ಕಾಯುವ ಜನರನ್ನು ನಾನು ಬೇರೆ ಎಲ್ಲೂ ಕಂಡಿಲ್ಲ.

ಪಕ್ಕದಲ್ಲಿ ಪಂಚೆ ಒಣಗಿಸುತ್ತಿದ್ದ ಅಜ್ಜರೊಬ್ಬರು ಮಾತಿಗೆ ಸಿಕ್ಕಿದರು. ಮೊದಲು ಬೇಸಿಗೆಯಲ್ಲಿ ಇಲ್ಲಿ ಮರಳೇ ಕಾಣುತ್ತಿತ್ತು, ನಡೆದೇ ದಾಟುತ್ತಿದ್ದೆವು, ನದಿಯ ನಡುವಿನ ಉದ್ಭವ ಲಿಂಗದ ಹತ್ತಿರ ಮಖೆ ಜಾತ್ರೆಗೆ ಹೋಗುತ್ತಿದ್ದದ್ದೂ ಮರಳಿನ ಮೇಲೆಯೇ, ಈಗ ಬಿಳಿಯೂರಿನ ನೀರು ಇಲ್ಲಿವರೆಗೆ ನಿಲ್ಲುತ್ತದೆ ಅಂದರು. ಒಳ್ಳೆಯದಾ ಕೆಟ್ಟದ್ದಾ ಅಂತ ಕೇಳಿದೆ. "ಬಾವಿಗೆ ಒಳ್ಳೆಯದು. ದೇವರಿಗೆ ಗೊತ್ತಿಲ್ಲ" ಅಂದರು.

ಆಮೇಲೆ ಬಂತು ನಾನು ಮೂರು ದಿನದಿಂದ ತಪ್ಪಿಸಿಕೊಳ್ಳುತ್ತಿದ್ದ ಪ್ರಶ್ನೆ.

"ನಿಮಗೆ ಯಾವ ಊರಾಯ್ತು?"

ಬಾಮೈದ ನನ್ನ ಮುಖ ನೋಡಿದ. ನಾನು ಕೋಲಾರ ಅಂದೆ.

ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಓ. ಹಾಗಾದ್ರೆ ನಮ್ಮ ನೀರು ಅಳತೆ ಮಾಡ್ಲಿಕ್ಕೆ ಬಂದದ್ದಾ?"

ಎತ್ತಿನಹೊಳೆ. ಸಕಲೇಶಪುರದ ಕಾಡಿನ ಆ ಹಳ್ಳ ಗುಂಡ್ಯ ಹೊಳೆಗೆ, ಗುಂಡ್ಯ ಕುಮಾರಧಾರೆಗೆ, ಕುಮಾರಧಾರೆ ನಾವು ಕೂತ ಮೆಟ್ಟಿಲಿನ ಎದುರು ನೇತ್ರಾವತಿಗೆ. ಅದರ ಮಳೆಗಾಲದ ನೀರನ್ನು ಎತ್ತಿ ಪೂರ್ವಕ್ಕೆ ತಿರುಗಿಸಿ ಕೋಲಾರ, ಚಿಕ್ಕಬಳ್ಳಾಪುರದ ಕಡೆಗೆ ಕೊಡುವ ಯೋಜನೆ, ಲೆಕ್ಕದಲ್ಲಿ 24 ಟಿ.ಎಂ.ಸಿ. ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಚಾಲನೆ ಕೊಟ್ಟರು. ನಮ್ಮ ಊರಿಗೆ ಇನ್ನೂ ಬಂದಿಲ್ಲ. ಬಂದಿರುವುದು ಬೆಂಗಳೂರಿನ ಚರಂಡಿ ನೀರು ಶುದ್ಧ ಮಾಡಿ 2018ರಿಂದ ಕೆರೆಗೆ ಬಿಡುವ ಕೆ.ಸಿ. ವ್ಯಾಲಿ ನೀರು. ಅಜ್ಜನಿಗೆ ಅದನ್ನು ಹೇಳಿದೆ. ಚರಂಡಿ ಅಂತ ಕೇಳಿ ಮುಖ ಕಿವುಚಿದರು.

"ಕುಡೀತೀರಾ ಅದನ್ನು?"

"ಇಲ್ಲ ಅಜ್ಜ, ಕೆರೆ ತುಂಬಿಸಿದರೆ ಬೋರ್‌ವೆಲ್‌ಗೆ ಇಳಿಯುತ್ತೆ ಅಂತ."

"ಎಷ್ಟು ಅಡಿ ನಿಮ್ಮ ಬೋರು?"

"ಸಾವಿರದ ಇನ್ನೂರು."

ಅವರು ಪಂಚೆ ಮಡಚುವುದನ್ನು ನಿಲ್ಲಿಸಿದರು. ಅವರ ಮನೆಯ ಬಾವಿ ಮೂವತ್ತು ಅಡಿಯಂತೆ. ಇಬ್ಬರೂ ನೀರಿನ ಕಡೆ ನೋಡುತ್ತಾ ಕೂತೆವು. ಮೇಲಿನಿಂದ ಹಳ್ಳ ಹಿಡಿದರೆ ಕೆಳಗೆ ಏನಾಗುತ್ತೆ ಅಂತ ಅವರಿಗೆ ಚಿಂತೆ, ಅದು ತಪ್ಪು ಅಂತ ಹೇಳಲು ನನಗೆ ಬಾಯಿ ಬರಲಿಲ್ಲ, ಎರಡು ದಿನದ ಹಿಂದೆ ಅಳಿವೆ ಬಾಗಿಲಿನಲ್ಲಿ ಸಮುದ್ರ ಒಳಗೆ ಬರುವುದನ್ನು ನೋಡಿದ್ದೆ. ಹಾಗಂತ ನಮ್ಮಮ್ಮ ಟ್ಯಾಂಕರ್‌ಗೆ ಕಾದು ನಿಂತ ಬೇಸಿಗೆಗಳೂ ಸುಳ್ಳಲ್ಲ. ಕೊನೆಗೆ ಅಜ್ಜ ಎದ್ದು, "ಮಳೆಗಾಲದಲ್ಲಿ ಬನ್ನಿ, ಆಗ ಬೇಕಾದಷ್ಟು ಉಂಟು, ಎಷ್ಟು ಬೇಕಾದರೂ ತೆಗೆದುಕೊಂಡು ಹೋಗಿ" ಅಂದರು. ಅದು ತಮಾಷೆಯಾ, ಒಪ್ಪಿಗೆಯಾ, ನನಗೆ ಈಗಲೂ ಗೊತ್ತಿಲ್ಲ.

ಧರ್ಮಸ್ಥಳದವರೆಗೆ ಹೋಗುವ ಮನಸ್ಸಿತ್ತು. ಸ್ಕೂಟರ್ ಎಂಜಿನ್ ಶಬ್ದ ಬದಲಾಗಿತ್ತು, ರಾತ್ರಿ ನನಗೆ ಬೆಂಗಳೂರು ಬಸ್ಸು. ವಾಪಸ್ ಬರುವಾಗ ಪಾಣೆಮಂಗಳೂರು ಹತ್ತಿರ ನಾಲ್ಕು ಹನಿ ಬಿತ್ತು. ಬಾಮೈದ ಗಾಡಿ ನಿಲ್ಲಿಸಿ ಮೇಲೆ ನೋಡಿದ. ಅಷ್ಟೇ, ರಸ್ತೆ ಕೂಡ ಒದ್ದೆಯಾಗಲಿಲ್ಲ. ಸೆಕೆ ಮಾತ್ರ ದುಪ್ಪಟ್ಟಾಯಿತು.

ಮನೆಗೆ ಬಂದಾಗ ಮಾವ ಜಗಲಿಯಲ್ಲೇ ಕೂತಿದ್ದರು. ಸ್ಕೂಟರಿನ ವಿಷಯ ಕೇಳುತ್ತಾರೆ ಅಂತ ಹೆದರಿದ್ದೆವು.

"ತುಂಬೆಯಲ್ಲಿ ಎಷ್ಟುಂಟು?"

ಐದು ದಾಟಿದೆ, ಆರಿಲ್ಲ ಅಂದೆ. "ಅದು ನಿನ್ನೆಯದ್ದಲ್ಲವಾ, ಇವತ್ತಿನದ್ದು ಹೇಳಿ" ಅಂದರು.

ಹೊರಡುವಾಗ ಅತ್ತೆ ಚಕ್ಕುಲಿ ಡಬ್ಬದ ಜೊತೆ ಎರಡು ಲೀಟರಿನ ಬಾಟಲಿ ತುಂಬಿಸಿ ಕೊಟ್ಟರು. ನಲ್ಲಿ ನೀರು, ಕುದಿಸಿ ಆರಿಸಿದ್ದು. ಬಾಮೈದ ಅದನ್ನು ಬ್ಯಾಗಿಗೆ ತುರುಕುತ್ತಾ "ಎತ್ತಿನಹೊಳೆ ಎರಡನೇ ಹಂತ, ನೀವೇ ಉದ್ಘಾಟನೆ ಮಾಡಿ ಭಾವ" ಅಂದ. ಬಸ್ಸು ತುಂಬೆ ದಾಟುವಾಗ ಈ ಸಲ ಎದ್ದಿದ್ದೆ, ಕತ್ತಲಲ್ಲಿ ಏನೂ ಕಾಣಲಿಲ್ಲ. ಊಟದ ಮೀನಿನ ಖಾರ ಇನ್ನೂ ಗಂಟಲಲ್ಲಿತ್ತು. ಶಿರಾಡಿ ಘಾಟಿಯಲ್ಲಿ ಅರ್ಧ ಬಾಟಲಿ ಮುಗಿಯಿತು, ಸಕಲೇಶಪುರ ಬರುವಷ್ಟರಲ್ಲಿ ಪೂರ್ತಿ ಖಾಲಿ.